ಹಾವಿಗೆ ಚಳಿಯಾಗಬಾರದಂತೆ

ನಮ್ಮ ಮನೆಯ ಸಾಮಾನುಗಳಲ್ಲಿ ನಾನಾಗಿ ಆರಿಸಿ ತಂದದ್ದು ಬಹಳ ಕಡಿಮೆ. ಇದನ್ನು ದೂರೆಂದು ಹೇಳುತ್ತಿಲ್ಲ. ಆ ಕಾಲದಲ್ಲಿ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದ ನಮ್ಮಂಥವರ ಮನೆಗಳೆಲ್ಲ ಹಾಗೆಯೇ ತುಂಬಿಕೊಳ್ಳುತ್ತಿದ್ದವು. ವೈ-ಟೂ-ಕೆ, ಅಂದರೆ ಇಸವಿ ಎರಡು ಸಾವಿರ, ಬಂದು ಜಗತ್ತಿನ ಕಂಪ್ಯೂಟರುಗಳೆಲ್ಲ ಮಲಗಿಬಿಡುತ್ತವೆ ಎಂದು ಅಮೆರಿಕದವರು ಹೆದರಿ ಕೂತಿದ್ದ ದಿನಗಳು. ನಮ್ಮವರಿಗೆಲ್ಲ ಕೈತುಂಬ ಕೆಲಸ. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಡಲ್ಲಾಸಿನಲ್ಲೋ ಸಿಯಾಟಲಿನಲ್ಲೋ ಕಾದಿರುತ್ತಿತ್ತು. ಹೊರಡುವವರು ಸೂಟ್‌ಕೇಸ್ ಹಿಡಿದು ವಿಮಾನ ಹತ್ತುತ್ತಿದ್ದರು, ಮಿಕ್ಕದ್ದು ಇಲ್ಲೇ ಇರುವವರ ಪಾಲು. ಹಾಗೆ ಬಂದವೇ ನಮ್ಮ ಸೋಫಾ, ಒಂದು ಕಾಲು ಗಿಡ್ಡವಾದ ಊಟದ ಮೇಜು, ಯಾರೂ ತುಳಿಯದ ವ್ಯಾಯಾಮದ ಸೈಕಲ್ಲು, ಮೀನು ಸತ್ತು ಖಾಲಿಯಾದ ಗಾಜಿನ ತೊಟ್ಟಿ. ನಮ್ಮ ಯಜಮಾನರು ಶ್ರೀಧರ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ‘ಬೇಡ’ ಎಂಬ ಪದವನ್ನು ಅವರು ನನ್ನ ಎದುರಿಗೆ ಬಿಟ್ಟರೆ ಬೇರೆಲ್ಲೂ ಬಳಸಿದವರಲ್ಲ.

ಜನವರಿಯ ಒಂದು ಶನಿವಾರ ಅವರು ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬವೊಂದನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದ ತರುವವರಂತೆ ಮೆಲ್ಲಗೆ ಒಳಗೆ ಬಂದರು. ತೂತುಗಳನ್ನು ನೋಡಿ ನಾನು ಇಡ್ಲಿ ಸ್ಟ್ಯಾಂಡ್ ಇರಬೇಕು ಅಂದುಕೊಂಡೆ. ಇಡ್ಲಿ ಬೇಯಿಸಿ ಬೇಯಿಸಿ ನನ್ನ ಬುದ್ಧಿ ಅಷ್ಟಕ್ಕೇ ನಿಂತಿತ್ತು.

“ಏನ್ರೀ ಅದು?”

“ನಮ್ಮ ಆಫೀಸಿನ ಬ್ರಯನ್ ಇದಾನಲ್ಲ, ಟೆಕ್ಸಾಸ್‌ಗೆ ಮೂವ್ ಆಗ್ತಿದಾನೆ. ಹೊಸ ಅಪಾರ್ಟ್‌ಮೆಂಟಲ್ಲಿ ಅಲೋ ಮಾಡಲ್ವಂತೆ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ, ವಾಣಿ.”

“ಏನನ್ನ ಅಲೋ ಮಾಡಲ್ಲ?”

ಅವರು ಮುಚ್ಚಳವನ್ನು ಸ್ವಲ್ಪ ಸರಿಸಿದರು. ಡಬ್ಬದೊಳಗಿನ ದಿಂಬಿನ ಚೀಲ ತಾನೇ ತಾನಾಗಿ ಮಗ್ಗುಲು ಬದಲಿಸಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಸೋಫಾದ ಮೇಲೆ ನಿಂತಿದ್ದೆ, ಕೈಯಲ್ಲಿ ಸೌಟಿತ್ತು. ಕೆಳಗಿನ ಮನೆಯ ನಸೀಮಾ ಏದುಸಿರು ಬಿಡುತ್ತಾ ಬಾಗಿಲಲ್ಲಿದ್ದಳು. ನನ್ನ ಕಿರುಚು ಕೇಳಿ ಯಾರೋ ಸತ್ತೇಹೋದರು ಅಂದುಕೊಂಡು ಹತ್ತಿ ಬಂದಿದ್ದಳು.

ನಸೀಮಾ ಮೈಸೂರಿನವಳು. ಅವಳೂ ನನ್ನಂತೆ ಗಂಡನ ವೀಸಾದ ಬಾಲ ಹಿಡಿದು ಬಂದು, ಕೆಲಸ ಮಾಡುವ ಹಕ್ಕಿಲ್ಲದೆ ಮನೆಯಲ್ಲಿದ್ದಳು. ಡಬ್ಬದೊಳಗಿನ ಚೀಲದ ಬಾಯಲ್ಲಿ ಇಣುಕಿ, “ಎಷ್ಟು ಚೆನ್ನಾಗಿದೆ ಬಣ್ಣ! ಕಿತ್ತಳೆ ಸಿಪ್ಪೆ ಥರ,” ಎಂದಳು. ಅಷ್ಟು ಹೇಳಿ ಆರಡಿ ಹಿಂದೆ ಸರಿದಳು. ಕಾರ್ನ್ ಸ್ನೇಕ್ ಎಂಬ ಸಾಕುಹಾವು, ವಿಷ ಇಲ್ಲ, ಕಚ್ಚಲ್ಲ, ಹೆಸರು ಜಿಂಜರ್ ಎಂದು ಯಜಮಾನರು ವಿವರಿಸಿದರು. “ಶುಂಠಿ ಅನ್ನಿ,” ಎಂದಳು ನಸೀಮಾ. ಅದೇ ಹೆಸರು ನಿಂತಿತು.

ಭಾನುವಾರ ಶುಂಠಿಗೆ ಮನೆ ಕಟ್ಟುವ ಕೆಲಸ. ಮೀನಿನ ತೊಟ್ಟಿಯನ್ನು ತೊಳೆದು ಮರದ ಹೊಟ್ಟು ಹರಡಿದರು. ತೊಟ್ಟಿಯ ಒಂದು ತುದಿಯ ತಳಕ್ಕೆ ಹೊರಗಿನಿಂದ ಬಿಸಿಯಾಗುವ ಚಾಪೆ ಅಂಟಿಸಬೇಕು. ಆ ತುದಿ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಇನ್ನೊಂದು ತುದಿ ತಂಪಾಗಿರಬೇಕು. ಬೆಚ್ಚಗೆ ಬೇಕೆನಿಸಿದರೆ ಇಲ್ಲಿ, ಸಾಕೆನಿಸಿದರೆ ಅಲ್ಲಿ. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು. ನಮ್ಮ ಅಪಾರ್ಟ್‌ಮೆಂಟಿನ ಮಲಗುವ ಕೋಣೆಯಲ್ಲಿ ಹೀಟರ್ ಸರಿಯಾಗಿ ಬರುತ್ತಿಲ್ಲ ಎಂದು ನಾನು ದೀಪಾವಳಿಯಿಂದ ಹೇಳುತ್ತಲೇ ಇದ್ದೆ. ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ಚಾಪೆಗೆ ಥರ್ಮೋಸ್ಟಾಟ್, ಥರ್ಮೋಸ್ಟಾಟಿಗೆ ವಯರು, ವಯರಿನ ತುದಿಗೆ ಶಾಖ ಅಳೆಯುವ ಪುಟ್ಟ ಗುಂಡು. ಯಜಮಾನರು ಗುಂಡನ್ನು ತಪ್ಪು ತುದಿಗೆ ಅಂಟಿಸಿದರು. ಅದು ತಂಪಾದ ಕಡೆ ಕೂತು “ಇನ್ನೂ ಚಳಿ, ಇನ್ನೂ ಚಳಿ” ಎಂದು ಹೇಳುತ್ತಿದ್ದಂತೆ ಚಾಪೆ ದೋಸೆ ಹೆಂಚಾಯಿತು. ಹೊಟ್ಟಿನಿಂದ ಕಮರು ವಾಸನೆ ಎದ್ದಿತು. ಪುಣ್ಯಕ್ಕೆ ಶುಂಠಿ ಇನ್ನೂ ಡಬ್ಬದಲ್ಲಿತ್ತು. ಇವರು ಸ್ವಿಚ್ ಆರಿಸಿ, ಸ್ವಲ್ಪ ಕಾದು, ಮತ್ತೆ ಹಾಕಿದರು. ಆಫೀಸಿನಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದಂತೆ. ಕೊನೆಗೆ ಗುಂಡು ಎಲ್ಲಿದೆ ನೋಡಿ ಎಂದು ನಾನೇ ಸೋಫಾದ ಮೇಲಿಂದ ಹೇಳಬೇಕಾಯಿತು. ಎಲ್ಲ ಸರಿಯಾದ ಮೇಲೆ ಅವರು ಅಡುಗೆಮನೆಯ ಕೈಗವಸು ತೊಟ್ಟು, ದಿಂಬಿನ ಚೀಲದ ತುದಿ ಹಿಡಿದು, ಹಾವನ್ನು ತೊಟ್ಟಿಗೆ ಸುರಿದು, ಮುಚ್ಚಳ ಹಾಕಿ ಕ್ಲಿಪ್ ಒತ್ತಿದರು. ಆ ಕೈಗವಸನ್ನು ನಾನು ಮರುದಿನವೇ ಕಸಕ್ಕೆ ಹಾಕಿದೆ.

ಇದೆಲ್ಲಕ್ಕಿಂತ ದೊಡ್ಡ ಆಘಾತ ಇನ್ನೊಂದು ಪೊಟ್ಟಣದಲ್ಲಿತ್ತು. ಬ್ರಯನ್ ಕಳಿಸಿದ ಹಾವಿನ ಆಹಾರ. ಬಿಚ್ಚಿದರೆ ಹಿಮಗಟ್ಟಿದ ಇಲಿಮರಿಗಳು, ಸಾಲಾಗಿ ಮಲಗಿದ್ದವು. “ಫ್ರೀಜರಲ್ಲಿ ಒಂದು ಮೂಲೇಲಿ...” ಎಂದರು ಇವರು. ನಮ್ಮ ಫ್ರೀಜರಿನ ಮೂಲೆಯಲ್ಲಿ ತೆಂಗಿನ ತುರಿಯಿತ್ತು. ಹಾವಿನ ಮನೆ ನೋಡಲು ಬಂದಿದ್ದ ನಸೀಮಾಳ ಮುಖ ನೋಡಿದೆ.

“ನನ್ನ ಯಾಕೆ ನೋಡ್ತೀಯ? ಕೋಳಿ ಇಡ್ತೀನಿ ಅಂತ ಇಲೀನೂ ಇಡ್ಲಾ?” ಎಂದಳು ಅವಳು. ಪೊಟ್ಟಣ ಬಾಲ್ಕನಿಗೆ ಹೋಯಿತು. ಜನವರಿಯ ನ್ಯೂಜೆರ್ಸಿಯಲ್ಲಿ ಬಾಲ್ಕನಿಯೂ ಫ್ರೀಜರೇ.

ಸೋಮವಾರದಿಂದ ಅವರು ಪಿಸ್ಕಾಟವೇ ಊರಿನ ಆಫೀಸಿನಿಂದ ಫೋನ್ ಮಾಡತೊಡಗಿದರು. ಮದುವೆಯಾದ ಮೇಲೆ ಅವರು ಕೆಲಸದ ನಡುವೆ ನನಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿದ್ದಿಲ್ಲ. ಈಗ ನೋಡಿದರೆ ದಿನಕ್ಕೆರಡು ಸಲ, “ಟೆಂಪರೇಚರ್ ಎಷ್ಟಿದೆ?” ನಾನು ದೂರದಿಂದಲೇ ಕತ್ತು ಚಾಚಿ ಓದಿ ಹೇಳುತ್ತಿದ್ದೆ. ಶುಂಠಿ ಬಿಸಿ ಗೂಡಿನೊಳಗೆ ಸುತ್ತಿಕೊಂಡು ತಲೆ ಮಾತ್ರ ಹೊರಗಿಟ್ಟು ನನ್ನನ್ನೇ ನೋಡುತ್ತಿತ್ತು. ರೆಪ್ಪೆಯೇ ಇಲ್ಲದ ಕಣ್ಣು. ಅತ್ತೆಯವರೂ ಅಷ್ಟು ಹೊತ್ತು ನನ್ನನ್ನು ದಿಟ್ಟಿಸಿದ್ದಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಫ್ರೀಜಿಂಗ್ ರೇನ್ ಸುರಿಯಿತು. ಬಿದ್ದ ಮಳೆ ಬಿದ್ದಲ್ಲೇ ಗಾಜಾಗುವ ಮಳೆ. ಕೊಂಬೆಗಳು ಮುರಿದವು, ತಂತಿಗಳು ಜೋತವು, ಪಟ್ಟೆಂದು ಕರೆಂಟ್ ಹೋಯಿತು. ಹೀಟರ್ ನಿಂತಿತು. ಅಡುಗೆಮನೆಯ ಗೋಡೆಯ ಫೋನ್ ಮಾತ್ರ ಬಾಯಿ ಬಿಟ್ಟಿತು.

“ವಾಣಿ, ರೂಟ್ ಟೂ ಏಟಿ ಸೆವೆನ್ ಹೈವೇ ಪೂರ್ತಿ ಜಾಮ್ ಅಂತೆ. ನಾನು ಬರೋದು ಲೇಟಾಗತ್ತೆ. ಶುಂಠಿಗೆ ಚಳಿ ಆಗಬಾರದು. ಒಂದೇ ಸಮ ತಣ್ಣಗಾದ್ರೆ ಕಾಯಿಲೆ ಬೀಳತ್ತೆ, ಸಾಯಲೂಬಹುದು ಅಂದಿದಾನೆ ಬ್ರಯನ್.”

“ನಾನೂ ಇದೇ ಮನೇಲಿ ಇದೀನಲ್ರೀ!”

“ನೀನು ಸ್ವೆಟರ್ ಹಾಕ್ಕೋಬಹುದು.”

ಫೋನನ್ನು ಕುಕ್ಕಿ ಇಟ್ಟೆ. ಸಾಯಲಿ ಅತ್ಲಾಗೆ, ಎಂದು ಜೋರಾಗಿಯೇ ಹೇಳಿದೆ. ಹೇಳಿ ಹೋಗಿ ತೊಟ್ಟಿ ನೋಡಿದರೆ, ಶುಂಠಿ ಗೂಡಿನಿಂದ ಹೊರಬಂದು, ಚಾಪೆಯಿದ್ದ ಕಡೆಯ ಗಾಜಿಗೆ ಇಡೀ ಮೈಯನ್ನು ಒತ್ತಿ ಬಿದ್ದಿತ್ತು. ಅಲ್ಲಿ ಇನ್ನು ಬಿಸಿಯಿರಲಿಲ್ಲ. ಅದಕ್ಕೆ ಅದು ತಿಳಿದಿರಲಿಲ್ಲ. 

ನಸೀಮಾಳನ್ನು ಕರೆದೆ. ಗ್ಯಾಸ್ ಒಲೆಗೆ ಬೆಂಕಿಕಡ್ಡಿ ಗೀರಿ ನೀರು ಕಾಯಿಸಿದೆವು. ಬೆನ್ನುನೋವಿಗೆಂದು ಊರಿನಿಂದ ತಂದಿದ್ದ ರಬ್ಬರಿನ ಬಿಸಿನೀರಿನ ಚೀಲ ತುಂಬಿದೆವು. ಸುಟ್ಟೀತು ಎಂದು ನಸೀಮಾ ಅದಕ್ಕೆ ಟವೆಲು ಸುತ್ತಿದಳು. ಇನ್ನು ಮುಚ್ಚಳ ತೆಗೆದು ಒಳಗಿಡಬೇಕು.

“ನೀನೇ ಇಡು, ನಿಮ್ಮನೇದು ಅಲ್ವಾ,” ಎಂದು ಅವಳು ಊಟದ ಮೇಜಿನಾಚೆ ಹೋಗಿ ನಿಂತಳು.

ನೆನಪಿದ್ದ ದೇವರುಗಳನ್ನೆಲ್ಲ ಕರೆದು, ಕಣ್ಣು ಅರ್ಧ ಮುಚ್ಚಿ, ಕೈ ಇಳಿಸಿದೆ. ಚೀಲ ಕೆಳಗಿಡುವಷ್ಟರಲ್ಲಿ ಮಣಿಕಟ್ಟಿಗೆ ಏನೋ ತಾಗಿತು. ಲೋಳೆಯಾಗಿರುತ್ತದೆ ಅಂದುಕೊಂಡಿದ್ದೆ. ಅಲ್ಲ. ಒಣಗಿದ್ದು, ನುಣುಪಾದದ್ದು, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ರೇಷ್ಮೆ ಸೀರೆಯ ಹಾಗೆ ತಣ್ಣಗಿನದು. ಕೈ ಹಿಂದಕ್ಕೆಳೆದುಕೊಳ್ಳಲು ಹೊರಟೆ. ಅಷ್ಟರಲ್ಲಿ ಅದು ಬಿಸಿನೀರಿನ ಚೀಲವನ್ನು ಬಿಟ್ಟು, ನನ್ನ ಕೈಗೆ ಸುತ್ತಿಕೊಂಡು, ಅವಸರವಿಲ್ಲದೆ ಸ್ವೆಟರಿನ ತೋಳಿನೊಳಗೆ ಹೊರಟುಹೋಯಿತು.

“ನಸೀಮಾ, ತೆಗಿಯೇ!”

“ಅಯ್ಯೋ, ನನ್ನ ಕೈಲಾಗಲ್ಲಪ್ಪ! ನೀನು ಅಲ್ಲಾಡಬೇಡ. ಟೀ ಮಾಡ್ತೀನಿ, ಕುಡಿ.”

ಅಲ್ಲಾಡದೆ ಕೂತೆ. ಮೊದಲು ಅಳು ಬಂತು. ಆಮೇಲೆ ಎಡಗೈಯಲ್ಲಿ ಟೀ ಕುಡಿದೆ. ಅದು ಮೊಣಕೈ ಹತ್ತಿರ ಗಂಟು ಕಟ್ಟಿ ಸುಮ್ಮನಾಯಿತು. ಮೊದಲು ಮಂಜುಗಡ್ಡೆಯಂತಿದ್ದ ಮೈ ಬರಬರುತ್ತಾ ನನ್ನಷ್ಟೇ ಬೆಚ್ಚಗಾಯಿತು. ಎಲ್ಲಿ ನಾನು ಮುಗಿದು ಎಲ್ಲಿ ಹಾವು ಶುರುವಾಗುತ್ತದೆ ಎಂದು ತಿಳಿಯದಂತಾದಾಗ ನನಗೆ ಆದ ಗಾಬರಿಯನ್ನು ಬರೆದು ತಿಳಿಸಲಾರೆ. ನಸೀಮಾ ತನ್ನ ಮಗಳ ಸ್ಕೂಲ್ ಬಸ್ ಬಂತೇ ಎಂದು ನೋಡಲು ಕೆಳಗಿಳಿದು ಹೋದಳು.

ಯಜಮಾನರು ಬಂದಾಗ ಸಂಜೆಯ ಬೆಳಕು ಇನ್ನೂ ಸ್ವಲ್ಪ ಇತ್ತು. ಕೋಟಿನ ಮೇಲಿನ ಮಂಜು ಕೊಡವುತ್ತಾ, “ಹೇಗಿದೆ ಅದು?” ಎಂದರು. ನಾನು ತೋಳನ್ನು ಮೇಲೆತ್ತಿದೆ. ಅಂಗೈಯ ಬಳಿ ಕಿತ್ತಳೆ ಬಣ್ಣದ ತಲೆ ಹೊರಬಂದು ನಾಲಗೆ ಆಡಿಸಿತು. ಅಷ್ಟೇ. ಅವರು ಹೊಸ್ತಿಲು ದಾಟದೆ ಹಾಗೇ ಹಿಂದಕ್ಕೆ ಹೋಗಿ ಎದುರು ಮನೆಯ ಬಾಗಿಲಿಗೆ ಬೆನ್ನು ಕೊಟ್ಟರು. ಮುಖ ಬಿಳಿಚಿಹೋಗಿತ್ತು.

“ಕೈಯಲ್ಲಿ... ಬರಿಗೈಯಲ್ಲಿ ಮುಟ್ಟಿದ್ಯಾ? ನಾನೇ ಇನ್ನೂ ಮುಟ್ಟಿಲ್ಲ ಕಣೇ!”

ಕರೆಂಟ್ ಬಂತು. ಫ್ರಿಜ್ ಗೊರಗುಟ್ಟಿತು, ಥರ್ಮೋಸ್ಟಾಟಿನ ಕೆಂಪು ದೀಪ ಹತ್ತಿತು. ಅವರು ಬಾಗಿಲಾಚೆಯಿಂದಲೇ ಕೈಮುಗಿದು, “ಇನ್ನು ತೊಟ್ಟಿಗೆ ಬಿಟ್ಬಿಡು, ಪ್ಲೀಸ್,” ಎಂದರು.

“ಚಾಪೆ ಇನ್ನೂ ಕಾದಿರಲ್ಲ. ಸ್ವಲ್ಪ ಹೊತ್ತು ಇರಲಿ ಬಿಡಿ, ಪಾಪ. ಈಗಷ್ಟೇ ನಿದ್ದೆ ಹತ್ತಿದೆ.”

ಹೀಗೆಂದವರು ಯಾರು ಎಂದು ನಾನೇ ಬೆಚ್ಚಿ ಹಿಂತಿರುಗಿ ನೋಡಿದೆ. ನಸೀಮಾ ಇನ್ನೂ ಮೇಲೆ ಬಂದಿರಲಿಲ್ಲ; ಒಳಗಿದ್ದವರು ನಾನೂ ಶುಂಠಿಯೂ ಇಬ್ಬರೇ.