ಅತ್ತೆ ಎತ್ತಿದ ಗಂಡಸರು

ನನ್ನ ಸೋದರತ್ತೆ ಅಮೆರಿಕಕ್ಕೆ ಹೋಗಿ ಗಂಡಸರನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದಾರೆ ಎಂಬ ಸುದ್ದಿ ಹುಬ್ಬಳ್ಳಿಯ ನಮ್ಮ ಬಳಗದಲ್ಲಿ ಹಬ್ಬಿದಾಗ, ನಾನು ತಕ್ಷಣ ಫೋನ್ ಮಾಡಿ ಖಂಡಿಸಿದೆ. ತಿರುಗುತ್ತಿರಲಿಲ್ಲ, ನಿಂತಲ್ಲೇ ಹೊರುತ್ತಿದ್ದರು! ಸುಳ್ಳು ಸುದ್ದಿಗೂ ಒಂದು ಮಿತಿ ಬೇಡವೇ?

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಅವರು ಸೀಟಿ ಊದಿದರೆ ಪಕ್ಕದ ಬೀದಿಯ ಎಮ್ಮೆಗಳೂ ಸಾಲಾಗಿ ನಿಲ್ಲುತ್ತಿದ್ದವಂತೆ. ಅವರ ಗಂಡ, ಅಂದರೆ ನಮ್ಮ ಮಾವ, ಕಡ್ಡಿಯಂಥ ಮನುಷ್ಯ, ಮೆಲುದನಿ. ಆದರೆ ಕುರ್ಚಿಯಲ್ಲಿ ಕೂತು ಆ ಮೆಲುದನಿಯಲ್ಲೇ ‘ಚಹಾ’ ಎಂದರೆ ಚಹಾ ಬರಲೇಬೇಕು. ಇಬ್ಬರೂ ಕೆಲವು ತಿಂಗಳ ಮಟ್ಟಿಗೆ ಅಮೆರಿಕದ ಇಸ್ಸಾಕ್ವಾ ಎಂಬ ಊರಿನ ನಮ್ಮ ಮನೆಗೆ ಬಂದಿದ್ದರು. ಗುಡ್ಡದ ಮೇಲಿನ ಮನೆ, ಕಾರು ತೆಗೆಯದೆ ಒಂದು ಕಟ್ಟು ಕೊತ್ತಂಬರಿಯೂ ಸಿಗದು. ಅತ್ತೆಗೆ ಬೇಜಾರಾಗದಿರಲೆಂದು ಕೆಳಗಿನ ಕಮ್ಯೂನಿಟಿ ಹಾಲ್‌ನಲ್ಲಿ ಹಿರಿಯರ ಯೋಗ ತರಗತಿಗೆ ಹೆಸರು ಕೊಟ್ಟೆ. ತಪ್ಪು ನಡೆದದ್ದು ಅಲ್ಲೇ.

ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅತ್ತೆ ಯೋಗದ ಕೋಣೆ ಬಿಟ್ಟು ಎದುರಿನ ಕೋಣೆಗೆ ನುಗ್ಗಿದ್ದರು. ಅಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ನೆಲದ ಮೇಲೆ ಹೊರಳಾಡುತ್ತಿದ್ದರು. ಒಬ್ಬ ಗಡ್ಡದವನಂತೂ ಕೈಕಾಲು ಅದುರಿಸುತ್ತಿದ್ದ.

“ಅಯ್ಯೋ, ಇವಂಗ ಮೂರ್ಛೆ ಬಂದೈತಿ!” ಎಂದು ಓಡಿದ ಅತ್ತೆ ನಮ್ಮ ಮನೆಯ ಬೀಗದ ಕೈಯನ್ನು ಅವನ ಮುಷ್ಟಿಯಲ್ಲಿ ತುರುಕಿ ಒತ್ತಿ ಹಿಡಿದರು. ಅವನು ಮೂರ್ಛೆಯಲ್ಲಿರಲಿಲ್ಲ, ನೃತ್ಯದಲ್ಲಿದ್ದ. ಅವನು ಏಳಲು ನೋಡಿದ, ಅತ್ತೆ ಮಲಗಿಸಲು ನೋಡಿದರು. ಇಬ್ಬರೂ ಉರುಳಿ ಗೋಡೆ ಮುಟ್ಟಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು! ಬಿಳಿ ಜಡೆಯ ಟೀಚರಮ್ಮ ಕಣ್ಣೊರೆಸಿಕೊಂಡು, ಇಂಥ ಪ್ರಾಮಾಣಿಕ ಡ್ಯುಯೆಟ್ಟನ್ನು ತಾನು ನೋಡೇ ಇಲ್ಲವೆಂದರು. ಆಮೇಲೆ ಅತ್ತೆ ಯೋಗದ ಕಡೆ ತಿರುಗಿಯೂ ನೋಡಲಿಲ್ಲ.

ಆ ಟೀಚರಮ್ಮ ಅರವತ್ತರ ದಶಕದಲ್ಲಿ ಕಾಲೇಜು ಬಿಟ್ಟು, ಯುದ್ಧ ಬೇಡವೆಂದು ಬೀದಿಗಿಳಿದು, ಯಾವುದೋ ತೋಟದಲ್ಲಿ ಗುರುತು ಪರಿಚಯವಿಲ್ಲದವರ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಉಂಡವರು. ನೃತ್ಯವೆಂದರೆ ಗಂಡು ಎತ್ತಬೇಕು, ಹೆಣ್ಣು ನಗುತ್ತಾ ಗಾಳಿಯಲ್ಲಿ ತೇಲಬೇಕು ಎಂದಿದ್ದ ಕಾಲವಂತೆ ಅದು. ಅವರ ಕಾಲದವರು ಅದನ್ನೆಲ್ಲ ಕಿತ್ತೊಗೆದು, ಯಾರು ಬೇಕಾದರೂ ಯಾರ ಭಾರವನ್ನಾದರೂ ಹೊರುವ ಈ ನೃತ್ಯವನ್ನು ಕಟ್ಟಿದರಂತೆ. ನಾನು ಇಷ್ಟನ್ನೂ ಭಕ್ತಿಯಿಂದ ಕನ್ನಡದಲ್ಲಿ ಹೇಳಿದೆ. ಅತ್ತೆಗೆ ದೊಡ್ಡ ಅಚ್ಚರಿ.

“ಇದಕ್ಕೂ ಚಳವಳಿ ಮಾಡಬೇಕಾತೇನು? ನಮ್ಮನ್ಯಾಗ ಮೊದಲಿಂದನೂ ಎಲ್ಲಾರ ಭಾರ ನಾನ ಹೊತ್ತೀನಲ್ಲ!”

ಇದನ್ನು ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ವಾರದಿಂದ ಮಾವನ ಪಟ್ಟೆ ಪೈಜಾಮಗಳು ಮಾಯವಾಗತೊಡಗಿದವು. ಸೀರೆಯಲ್ಲಿ ಉರುಳಿದರೆ ಸೀರೆ ಒಂದು ಕಡೆ, ತಾವೊಂದು ಕಡೆ ಆಗುತ್ತದೆಂದು ಅತ್ತೆ ಅವನ್ನೇ ತೊಟ್ಟು ಹೊರಡುತ್ತಿದ್ದರು. ಹತ್ತಿರದ ಟಕ್ವಿಲಾ ಊರಿನ ಮಾಲ್‌ಗೆ ಹೋದಾಗ ಬ್ಯಾಸ್ಕೆಟ್‌ಬಾಲ್ ಆಡುವವರ ಮೊಣಕಾಲು ಪಟ್ಟಿ ಕೊಂಡು, ಅಂಗಡಿಯಲ್ಲೇ ಕಟ್ಟಿಕೊಂಡು, ಒಮ್ಮೆ ನೆಲಕ್ಕೆ ಬಿದ್ದು ಪರೀಕ್ಷಿಸಿದರು. ಸೆಕ್ಯುರಿಟಿಯವನು ಓಡಿ ಬಂದ. “ಷಿ ಈಸ್ ಜಸ್ಟ್ ಡಾನ್ಸಿಂಗ್!” ಎಂದು ನನ್ನ ಮಗಳು ಅವನನ್ನು ಸಮಾಧಾನಪಡಿಸಿದಳು.

ಒಂದು ಶನಿವಾರ ಮಾವನೂ ಬಂದು ಕುರ್ಚಿ ಹಿಡಿದು ಕೂತರು. ಅವರ ಕಣ್ಣೆದುರೇ ಅತ್ತೆ ಆ ಆರಡಿಯ ಗಡ್ಡದವನನ್ನು ಗೋಧಿ ಚೀಲದಂತೆ ಹೆಗಲಿಗೇರಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ವಾದ.

“ಪರಗಂಡಸನ್ನ ಹಂಗ ಹೆಗಲ ಮ್ಯಾಲೆ ಹಾಕ್ಕೊಂಡರ ಜನ ಏನಂದಾರು?”

“ಪರಗಂಡಸು ಹಗೂರ ಇರ್ತಾನ್ರಿ. ಭಾರ ಏನಿದ್ರೂ ಮನಿ ಗಂಡಸಂದು!”

ಮಾವ ಮೂರು ದಿನ ಮಾತು ಬಿಟ್ಟರು. ಚಹಾ ಬೇಕಾದಾಗ ಮಾತ್ರ ಕೆಮ್ಮುತ್ತಿದ್ದರು.

ಆದರೆ ಟೀಚರಮ್ಮನಿಗೆ ಒಂದು ಚಿಂತೆ ಶುರುವಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಅತ್ತೆ ಎಲ್ಲರನ್ನೂ ಎತ್ತುತ್ತಾರೆ. ತಮ್ಮ ಭಾರ ಮಾತ್ರ ಯಾರ ಮೇಲೂ ಬಿಡುವುದಿಲ್ಲ, ಯಾಕೆ?” ಎಂದು ಕೇಳಿದರು. ನಾನು ಅತ್ತೆಯನ್ನೇ ಕೇಳಿದೆ.

“ರೂಢಿ ಇಲ್ಲವ್ವಾ,” ಎಂದು ಅವರು ಮೊಣಕಾಲು ಪಟ್ಟಿ ಬಿಗಿ ಮಾಡಿಕೊಂಡು ಎದ್ದುಹೋದರು.

ತರಗತಿ ಮುಗಿಯುವ ದಿನ ಮನೆಯವರ ಮುಂದೆ ಪ್ರದರ್ಶನ. ಅವತ್ತೇ ಗಡ್ಡದವನ ಸೊಂಟ ಹಿಡಿದುಕೊಂಡಿತು. (ಅತ್ತೆಯ ಕೈವಾಡವಲ್ಲ, ತೋಟದ ಕೆಲಸ ಮಾಡುವಾಗ ಆದದ್ದಂತೆ. ನಾನು ವಿಚಾರಿಸಿದ್ದೇನೆ!) ಅತ್ತೆ ಜೊತೆಗಾರನಿಲ್ಲದೆ ಒಬ್ಬರೇ ನಿಂತಿದ್ದರು. ಆಗ ಮಾವ ಸ್ವೆಟರ್ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು, ಸೀದಾ ನಡುಮಧ್ಯಕ್ಕೆ ನಡೆದರು.

“ನೀವ್ಯಾಕ ಬಂದ್ರಿ? ಹೋಗಿ ಕೂಡ್ರಿ,” ಅತ್ತೆ ಪಿಸುಗುಟ್ಟಿದರು.

“ಮನ್ಯಾಗ ನೀ ಉರುಳೂದು ನೋಡಿ ನೋಡಿ ಎಲ್ಲಾ ಬರತೈತಿ ನನಗ. ಎತ್ತು!”

ಅತ್ತೆ ಎತ್ತಿದರು. ಮಾವ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಕಾಶದಲ್ಲಿ ಒಂದು ಸುತ್ತು ಬಂದರು. “ಗೋ ಅಜ್ಜೀ!” ಎಂದು ನನ್ನ ಮಗಳು ಕಿರುಚಿದಳು. ಹಾಲ್‌ ಪೂರ್ತಿ ನಗು. ಕೆಳಗಿಳಿದ ಮಾವ ಇನ್ನು ಕುರ್ಚಿಗೆ ಓಡುತ್ತಾರೆ ಎಂದುಕೊಂಡೆ. ಅವರು ಓಡಲಿಲ್ಲ. ಅಲ್ಲೇ ಮೊಣಕಾಲೂರಿ, ಅಂಗೈಗಳನ್ನು ನೆಲಕ್ಕೊತ್ತಿ, ಮಕ್ಕಳಿಗೆ ಕುದುರೆಯಾಗುವವರಂತೆ ಬೆನ್ನು ಚಾಚಿದರು.

“ಬಾ. ಈಗ ನಿನ್ನ ಪಾಳಿ.”

“ನಿಮ್ಮ ಬೆನ್ನು ಮುರೀತೈತ್ರೀ...”

“ಪೂರಾ ಭಾರ ಬಿಡು. ನಾ ಅದೀನಿ.”

ಅತ್ತೆ ಹಿಂದೆ ಮುಂದೆ ನೋಡಿದರು. ಆಮೇಲೆ ಮೆಲ್ಲಗೆ ಆ ಸಣಕಲು ಬೆನ್ನಿಗೆ ಅಡ್ಡಲಾಗಿ ಒರಗಿದರು. ಮೊದಲು ಪಾದಗಳು ನೆಲದ ಮೇಲೇ ಇದ್ದವು, ಆಮೇಲೆ ಬರೀ ಹೆಬ್ಬೆರಳು, ಆಮೇಲೆ ಅದೂ ಇಲ್ಲ. ತೋಳುಗಳು ಜೋತುಬಿದ್ದವು, ಕಣ್ಣು ಮುಚ್ಚಿದವು. ಹಗಲು ಹೊತ್ತಿನಲ್ಲಿ ಅತ್ತೆ ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವನ ತೋಳುಗಳು ನಡುಗುತ್ತಿದ್ದವು.

“ಭಾರ ಆತೇನ್ರಿ?” ಅತ್ತೆ ಕಣ್ಣು ತೆರೆಯದೆ ಕೇಳಿದರು.

“ಹೂಂ, ಭಾಳ ಭಾರ ಅದೀ,” ಮಾವ ಏದುಸಿರಿನಲ್ಲಿ ಹೇಳಿದರು. “ಇಳೀಬ್ಯಾಡ.”