ಗೌಂಡಿ ಬಿಟ್ಟ ಮಂದು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ತಮಾಷೆ ಹೇಳಲು ಬರುವುದಿಲ್ಲ. ನಗಬೇಕಾದ ಜಾಗದಲ್ಲಿ ನಿಂತು ಅರ್ಥ ಬಿಡಿಸುತ್ತೀರಿ ಎಂದು ನನ್ನ ಹೆಂಡತಿಯ ದೂರು. ಆದರೆ ಹೈದರಾಬಾದಿನ ನಮ್ಮ ಮನೋರೋಗ ಆಸ್ಪತ್ರೆಯಲ್ಲಿ ಇಂಥವು ವಾರಕ್ಕೊಂದಾದರೂ ನಡೆಯುತ್ತವೆ. ನಾನಲ್ಲಿ ಅಟೆಂಡರ್. ಬುಧವಾರ ರೋಗಿಗಳನ್ನು ಒಟ್ಟಿಗೆ ಕೂರಿಸಿ ಕಾಯಿಲೆಯ ಬಗ್ಗೆ ಪಾಠ ಮಾಡುತ್ತಾರೆ (ಪಾಠ ಅಂದರೆ ಮಾತುಕತೆ, ಪರೀಕ್ಷೆ ಇಲ್ಲ). ಡಾಕ್ಟರಮ್ಮನದು ತೆಲುಗು; ಕನ್ನಡದವರಿದ್ದರೆ ನಡುವೆ ದುಭಾಷಿ ನಾನು.

ಯಾದಗಿರಿ ಕಡೆಯ ಒಬ್ಬ ಗೌಂಡಿ ಇದ್ದ, ಗೋಡೆ ಕಟ್ಟುವವನು. ಆರಾಮಾಯಿತೆಂದು ಗುಳಿಗೆ ಬಿಟ್ಟು ಮೂರನೇ ಸಲ ಸೇರಿದ್ದ. ಗುಳಿಗೆ ಯಾಕೆ ಬಿಡಬಾರದೆಂದು ಅವನೇ ಹೆಂಡತಿಗೆ ತಿಳಿಸಿ ಹೇಳಿದ ದಿನ ಮನೆಗೆ ಕಳಿಸುವುದು ಎಂದು ಡಾಕ್ಟರಮ್ಮ ಹೇಳಿದ್ದರು.

೧

"ರೋಜೂ ಮಂದು ತೀಸ್ಕೋವಾಲಿ" ಎಂದರು ಡಾಕ್ಟರಮ್ಮ. ದಿನಾ ಔಷಧ ತಗೋಬೇಕು ಎಂದರ್ಥ. ಆದರೆ ತೆಲುಗಿನಲ್ಲಿ ಹೆಂಡಕ್ಕೂ ಮಂದು ಎನ್ನುತ್ತಾರೆ. ಗೌಂಡಿ ತೆಲುಗು ಕಲಿತದ್ದು ಸೈಟಿನಲ್ಲಿ. ಅಲ್ಲಿ ಎರಡನೇ ಅರ್ಥವೊಂದೇ ಚಾಲ್ತಿ. ನಾನು ಬಾಯಿ ತೆರೆಯುವ ಮೊದಲೇ ಅವನು ಕೈ ಮುಗಿದ: "ಬ್ಯಾಡ್ರೀ ಅಮ್ಮಾರ, ಹೆಂಡತಿ ಆಣಿ ಹಾಕಿಸ್ಯಾಳ. ಬಿಟ್ಟು ಎರಡು ವರ್ಷ ಆತು."

ಹಿಂದೆ ಕೂತಿದ್ದ ಬೀದರಿನ ಮುದುಕ ಎದ್ದ: "ನನಗದನ್ನ ಚೀಟ್ಯಾಗ ಬರದು ಕೊಡ್ರಿ, ಮನ್ಯಾಗ ತೋರಸ್ತೀನಿ."

೨

ಎದುರಿಗೆ ಯಾರೂ ಇಲ್ಲದೆ ದನಿ ಕೇಳುವುದು, ಅದಕ್ಕೆ ಉತ್ತರ ಕೊಡುವುದು ಕಾಯಿಲೆಯ ಗುರುತು ಎಂದು ಇನ್ನೊಂದು ಬುಧವಾರ ತಿಳಿಸಿದೆವು. ಗೌಂಡಿ ಇದೇ ಊರಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಕ್ಕೆ ದುಡಿದವನು. "ಅಲ್ಲಿ ಹುಡುಗೂರು ಕಿವ್ಯಾಗ ವಾಯರ್ ಇಟಗೊಂಡು ಒಬ್ಬೊಬ್ಬರೇ ನಗತಾವ್ರಿ. ಅವರನ್ನ ಯಾಕ ಹಿಡದು ತರೂದಿಲ್ಲ?"

"ಅವರ ಹತ್ತಿರ ಫೋನ್ ಇದೆಯಪ್ಪ," ಎಂದೆ.

"ನನ್ನ ಹಂತ್ಯಾಕೂ ಇತ್ರಿ. ನೀವೇ ಗೇಟಿನ್ಯಾಗ ಕಸಗೊಂಡ್ರಿ."

೩

ಕೊನೆಗೆ ಗೌಂಡಿಯ ಹೆಂಡತಿ ಬಂದಳು. ಗೌಂಡಿ ಎದ್ದು ನಿಂತ.

"ಸ್ಲ್ಯಾಬ್ ಹಾಕಿದ ಮರುದಿನ ಗಟ್ಟಿ ಕಾಣತೈತಿ. ಹಂಗಂತ ಕ್ಯೂರಿಂಗಿನ ನೀರು ಹೊಡಿಯೂದು ಬಿಟ್ರ ಬಿರುಕು ಬಿಡತೈತಿ. ನನ್ನ ತಲೀನೂ ಹಂಗ. ಗುಳಿಗಿ ಅಂದ್ರ ಕ್ಯೂರಿಂಗ್."

ಇಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡಳು: "ಸೈಟಿನ್ಯಾಗ ನೀರು ಹೊಡಿಯಾಕಿ ನಾನೇ ಅಲ್ಲೇನು? ಗುಳಿಗಿ ನನ್ನ ಕೈಯಾಗ ಕೊಡ್ರಿ."

ಖುಷಿಯಲ್ಲಿ ಡಾಕ್ಟರಮ್ಮ ನನ್ನನ್ನು ಮರೆತು, ದಿನಾ ಔಷಧ ಕೊಡಮ್ಮ ಎಂದು ಅವಳಿಗೇ ತೆಲುಗಿನಲ್ಲಿ ಹೇಳಿಬಿಟ್ಟರು: "ರೋಜೂ ಮಂದು ಇವ್ವಮ್ಮಾ!"

ಹೆಂಡತಿ ಸೆರಗು ಬಿಗಿದಳು. "ಏನ್ರೀ! ಆಣಿ ಹಾಕಿಸಿ ಬಿಡಿಸೀನಿ, ನೀವು ದಿನಾ ಕುಡಸು ಅಂತೀರಿ?"

ಗೌಂಡಿ ನನಗಿಂತ ಮುಂಚೆ ಕೂಗಿದ: "ಏ ಹುಚ್ಚಿ, ಆ ಮಂದು ಅಲ್ಲಲೇ!"

ಹುಚ್ಚು ಎಂಬ ಶಬ್ದ ಆಡಬಾರದೆಂಬುದೇ ನಮ್ಮ ಮೊದಲ ಪಾಠ. ಹೆಂಡತಿಯೇ ಮೊದಲು ನಕ್ಕಳು: "ಹುಚ್ಚಿ ನಾನಂತ್ರಿ. ಹಂಗಾದ್ರ ಇವರನ್ನ ಮನಿಗೆ ಕಳಸ್ರಿ!"

ಎಲ್ಲರೂ ನಗುವಾಗ ಡಾಕ್ಟರಮ್ಮ ಬಿಡುಗಡೆ ಕಾಗದಕ್ಕೆ ಸಹಿ ಹಾಕುತ್ತಾ, "ಹುಚ್ಚಿ ಅಂದರೇನು?" ಎಂದು ನನ್ನನ್ನು ಕೇಳಿದರು. ಅದನ್ನು ನಿಮಗೂ ಬಿಡಿಸಿ ಹೇಳಬೇಕು. ಹುಚ್ಚಿ ಅಂದರೆ ಇಲ್ಲಿ ಹುಚ್ಚಿ ಅಲ್ಲ. ನಮ್ಮ ಕಡೆ ಹೆಂಡತಿಗೆ ಪ್ರೀತಿಯಿಂದ ಹಾಗೆ ಅನ್ನುತ್ತಾರೆ, ಯಾಕೆಂದರೆ... ತಡೆಯಿರಿ, ವಾರ್ಡಿನಿಂದ ಕರೆಯುತ್ತಿದ್ದಾರೆ. ಬಂದೆ, ಬಂದೆ! ಯಾಕೆಂದರೆ...