ಎಣಿಸಲು ಬಾರದ ಗಣಿತದ ಮೇಷ್ಟ್ರು

ನಮ್ಮ ಕಾಕಾನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಕಾಮಠಿಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮನುಷ್ಯ! ಆದರೆ ಸಂಜೆ ಲಕ್ಷ್ಮೀ ನಗರದ ಸೈಬರ್ ಕೆಫೆಯಲ್ಲಿ ಹೆಡ್‌ಫೋನ್ ಏರಿಸಿ ಯುದ್ಧದ ಆಟಕ್ಕೆ ಕೂತರೆಂದರೆ, ಐದರಿಂದಾಚೆಗಿನ ಅಂಕಿಗಳೆಲ್ಲ ಅವರಿಗೆ ಮರೆತುಹೋಗುತ್ತಿದ್ದವು. ಐದು ಎಂದರೆ ನಾವು: ಕಾಕಾ, ಎಂ.ಎ. ಓದುತ್ತಿದ್ದ ನಾನು, ಪಕ್ಕದ ಮನೆಯ ಮರಾಠಿ ಅಣ್ಣತಮ್ಮಂದಿರಿಬ್ಬರು, ಕಾಕಾನ ಶಾಲೆಯ ಡ್ರಿಲ್ ಮಾಸ್ತರು. ಎದುರಾಳಿಗಳು ಇಂಟರ್ನೆಟ್ಟಿನ ಆಚೆ ತುದಿಯಲ್ಲಿ ಯಾವ ಊರಲ್ಲಿ ಕೂತಿರುತ್ತಿದ್ದರೋ, ಇಪ್ಪತ್ತಕ್ಕಿಂತ ಕಡಿಮೆ ಇರುತ್ತಿರಲಿಲ್ಲ.

ಯಾವ ಕಡೆ ಎಷ್ಟು ಜನ ಉಳಿದಿದ್ದಾರೆ ಎಂಬ ಅಂಕಿ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಅದನ್ನು ನೋಡಿಯೇ ನಾವು ಅರ್ಧ ಸತ್ತಿರುತ್ತಿದ್ದೆವು. ಕಾಕಾ ಮೆಡಿಕಲ್ ಅಂಗಡಿಯಿಂದ ಬ್ಯಾಂಡೇಜ್ ಪಟ್ಟಿ ತಂದು ಐದೂ ಪರದೆಗಳ ಮೂಲೆಗೆ ಅಂಟಿಸಿಬಿಟ್ಟರು! ಕೆಫೆಯ ಮಾಲೀಕ ಗಾಬರಿಯಿಂದ, "ಸರ್, ಮಾನಿಟರ್‌ಲಾ ಕಾಯ್ ಝಾಲಂ?" ಎಂದ, ಮಾನಿಟರಿಗೆ ಏನಾಯಿತೆಂದು.

"ಜಖಂ," ಎಂದರು ಕಾಕಾ, ತಲೆ ಎತ್ತದೆ.

ಯುದ್ಧಕ್ಕೆ ಮುಂಚೆ ಹಾಜರಿ. ನಮ್ಮ ನಮ್ಮ ಪ್ಲೈವುಡ್ ಗೂಡಿನೊಳಗಿಂದ ಒಬ್ಬೊಬ್ಬರೂ "ಹಾಜರ್" ಎನ್ನಬೇಕು. ಯುದ್ಧ ಮುಗಿದ ಮೇಲೆ ಮಾರ್ಕು. ತರಗತಿಯಲ್ಲಿ ಅರ್ಧ ಮಾರ್ಕಿಗೂ ಮಕ್ಕಳನ್ನು ಅಳಿಸುತ್ತಿದ್ದವರು ಇಲ್ಲಿ ಸತ್ತವರಿಗೆಲ್ಲ ಧಾರಾಳವಾಗಿ ಹಂಚುತ್ತಿದ್ದರು. ಒಮ್ಮೆ ನಾನು ಶುರುವಿನಲ್ಲೇ ಕಂದಕಕ್ಕೆ ಬಿದ್ದು ಸತ್ತೆ.

"ಚಲೋ ಬಿದ್ದಿ, ತಂಗಿ. ಮೂರು ಮಂದಿ ನಿನ್ನ ನೋಡ್ಲಿಕ್ಕೇ ನಿಂತ್ರು. ಹತ್ತಕ್ಕ ಏಳು."

ಹೀಗೆ ಒಳ್ಳೊಳ್ಳೆ ಮಾರ್ಕು ಪಡೆಯುತ್ತಲೇ ಆಟದಲ್ಲಿ ನಮ್ಮವಾಗಿದ್ದ ಕೋಟೆಗಳನ್ನು ಒಂದೊಂದಾಗಿ ಕಳೆದುಕೊಂಡೆವು. ಕೊನೆಗೆ ಒಂದು ಉಳಿಯಿತು. ಅದೂ ಹೋದರೆ ನಮ್ಮ ದಂಡಿನ ಹೆಸರೇ ಆಟದಿಂದ ಅಳಿಸಿಹೋಗುತ್ತಿತ್ತು.

ಆ ಸಂಜೆ ಯುದ್ಧದ ನಡುವೆಯೇ ನಾವು ನಾಲ್ವರೂ ಆಟ ಮುಚ್ಚಿ, ಸದ್ದಿಲ್ಲದೆ ಹೊರಗೆ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ಮಾರುವ ಗಾಡಿಗೆ ಬಂದೆವು. ಸೋತು ಸೋತು ಸಾಕಾಗಿತ್ತು. ಮೊದಲು ಎದ್ದವರು ಡ್ರಿಲ್ ಮಾಸ್ತರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಡೈರಿ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಡೈರಿ ಬರೆದವಳು ನಾನೇ ಆದ್ದರಿಂದ ಅನುಮಾನ ಯಾರ ಮೇಲೆ ಬರಬೇಕೋ ನೀವೇ ಹೇಳಿ.

ಕಿಟಕಿಯಿಂದ ಕಾಕಾನ ದನಿ ಕೇಳುತ್ತಿತ್ತು. "ಮಾಸ್ತರ, ಬಲಕ್ಕ ಸರೀರಿ. ಶಾಬಾಸ್. ತಂಗಿ, ಬಾಗಲಾ ಬಿಡಬ್ಯಾಡ."

ನಾವು ತಟ್ಟೆ ಹಿಡಿದು ನಕ್ಕಿದ್ದೇ ನಕ್ಕಿದ್ದು. ಆ ಪಟ್ಟಿ ನಮ್ಮ ಕಡೆಯ ಅಂಕಿಯನ್ನೂ ಮುಚ್ಚಿತ್ತಲ್ಲ! ಸೇನಾಪತಿ ನಾಲ್ಕು ಖಾಲಿ ಕುರ್ಚಿಗಳನ್ನು ಹುರಿದುಂಬಿಸುತ್ತಿದ್ದರು.

ಆಮೇಲೆ, ಎಂದೂ ಇಲ್ಲದ ಹಾಗೆ, ಯುದ್ಧದ ನಡುವೆ ಹಾಜರಿ ಶುರುವಾಯಿತು. "ಮಾಸ್ತರ?" ಬಳಿಕ ಅಣ್ಣತಮ್ಮಂದಿರನ್ನು ಕರೆದರು. "ತಂಗಿ?"

ನಾನು ತಟ್ಟೆ ಇಟ್ಟು ಒಳಗೆ ಓಡಿದೆ. ಉಳಿದವರೂ ಹಿಂದೆಯೇ ಬಂದರು. ಕೋಟೆ ಉಳಿಯಿತೆಂದು ನನ್ನ ನೆನಪು, ಬಿತ್ತೆಂದು ಡೈರಿ. ಡೈರಿಯದೇ ನಿಜವಿರಬೇಕು. ಆದರೆ ಡೈರಿಯಲ್ಲಿ ಇಲ್ಲದ್ದೊಂದು ನನ್ನ ಕಣ್ಣಲ್ಲಿದೆ: ನಾನು ಒಳಗೆ ಬಂದಾಗ ಕಾಕಾನ ಪರದೆಯ ಮೂಲೆ ಬಯಲಾಗಿತ್ತು, ಅಲ್ಲಿ ನಮ್ಮ ಕಡೆಯ ಅಂಕಿ ಒಂದು ಎಂದಿತ್ತು. ಪಟ್ಟಿ ಅವರ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

"ಹಾಜರ್," ಎಂದೆ.

ಕಾಕಾ ತಿರುಗಿ ನೋಡಲಿಲ್ಲ. ಪಟ್ಟಿಯನ್ನು ಮತ್ತೆ ಮೂಲೆಗೆ ಅಂಟಿಸುತ್ತ, "ಎಡಕ್ಕ ನಿಂದ್ರು, ತಂಗಿ," ಎಂದರು.